ಕಂಪನಿ ಆರು ಲಕ್ಷ ಕೊಡಲು ಒಪ್ಪಿದೆ: ಓಪನ್ ಸೋರ್ಸ್‌ನಲ್ಲಿ ಯಾರಿಗೆ ಕೊಡುವುದು, ಹೇಗೆ ಕೊಡುವುದು?

ಚಿಕ್ಕಪೇಟೆ_ಕೋಡರ್
ನಮ್ಮದು ಬೆಂಗಳೂರಿನ ಮಧ್ಯಮ ಗಾತ್ರದ ಕಂಪನಿ. ಸರಕು ಸಾಗಣೆಯವರಿಗೆ ತಂತ್ರಾಂಶ ಮಾಡಿಕೊಡುತ್ತೇವೆ. ಎಂಜಿನಿಯರುಗಳು ಅರವತ್ತು ಮಂದಿ. ಬುಡದಿಂದ ತುದಿಯವರೆಗೆ ಬಳಸುವುದೆಲ್ಲ ಓಪನ್ ಸೋರ್ಸ್, ಅಂದರೆ ಕೋಡ್ ಎಲ್ಲರಿಗೂ ಮುಕ್ತವಾಗಿರುವ ತಂತ್ರಾಂಶ: ಲಿನಕ್ಸ್, ಪೋಸ್ಟ್‌ಗ್ರೆಸ್ ಡೇಟಾಬೇಸ್, ಪೈಥಾನ್ ಭಾಷೆ, ಅದರ ಮೇಲೆ ಹೆಸರೂ ನೆನಪಿಲ್ಲದ ನೂರಾರು ಲೈಬ್ರರಿಗಳು (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್). ಇದುವರೆಗೆ ಯಾರಿಗೂ ನಯಾಪೈಸೆ ಕೊಟ್ಟಿಲ್ಲ.

ಬಹಳ ಕಾಲ ಬೆನ್ನು ಬಿದ್ದ ಮೇಲೆ ನಿರ್ದೇಶಕರು ಈ ವರ್ಷ ಆರು ಲಕ್ಷ ರೂಪಾಯಿ ಕೊಡಲು ಒಪ್ಪಿದ್ದಾರೆ. ಆದರೆ ಷರತ್ತುಗಳಿವೆ. ಕಂಪನಿಯ ಹೆಸರು ಎಲ್ಲಾದರೂ ಕಾಣಬೇಕು, ಲೆಕ್ಕ ವಿಭಾಗಕ್ಕೆ ಸರಿಯಾದ ಕಾಗದಪತ್ರ ಸಿಗಬೇಕು, ಮುಂದಿನ ವರ್ಷ ಕೇಳಿದಾಗ ಇದರಿಂದ ಇಂಥದ್ದು ಆಯಿತು ಎಂದು ತೋರಿಸಬೇಕು.

ಒಬ್ಬರಿಗೇ ಕೊಡುವುದೋ, ಹತ್ತು ಕಡೆ ಹಂಚುವುದೋ? ಪ್ರತಿಷ್ಠಾನಕ್ಕೋ, ವ್ಯಕ್ತಿಗೋ? ಅಥವಾ ಹಣದ ಬದಲು ನಮ್ಮ ಹುಡುಗರ ಸಮಯ ಕೊಟ್ಟರೆ ಸಾಕೇ? ಮಾಡಿ ನೋಡಿದವರು ಹೇಳಿ. ಉಪದೇಶ ಬೇಡ, ಅದನ್ನು ನಿರ್ದೇಶಕರಿಗೆ ನಾನೇ ಸಾಕಷ್ಟು ಮಾಡಿದ್ದೇನೆ.

ಮೈಸೂರುಪಾಕ್42
ಆರು ಲಕ್ಷ! ನಮ್ಮಲ್ಲಿ ದೀಪಾವಳಿಯ ಸಿಹಿ ಡಬ್ಬಿಗೆ ಇದಕ್ಕಿಂತ ಹೆಚ್ಚು ಖರ್ಚಾಗುತ್ತದೆ. ಆದರೂ ಒಪ್ಪಿಸಿದ್ದಕ್ಕೆ ಅಭಿನಂದನೆ.

ಸಂಶಯಾತ್ಮ
ಎಲ್ಲರೂ ಚಪ್ಪಾಳೆ ತಟ್ಟುವ ಮೊದಲು ಒಂದು ಪ್ರಶ್ನೆ. ಯಾಕೆ ಕೊಡಬೇಕು? ಯಾರು ಬೇಕಾದರೂ ಬಳಸಿ, ಬದಲಾಯಿಸಿ, ಮಾರಿಕೊಳ್ಳಿ ಎಂದು ಪರವಾನಗಿಯಲ್ಲಿ ಬರೆದವರು ಅವರೇ. ಬರೆದಾದ ಮೇಲೆ ಕಂಪನಿಗಳು ಕೊಡುತ್ತಿಲ್ಲ ಎಂದು ಅಳುವುದು ಯಾವ ನ್ಯಾಯ? ದುಡ್ಡು ಬೇಕಿದ್ದವರು ಬೆಲೆ ಹಾಕಿ ಮಾರಲಿ.

ಹಳೆಯ_ಮಾಡೆಮ್
ಸಂಶಯಾತ್ಮ ಅವರೇ, ಕಾನೂನಿನ ಮಾತಾದರೆ ನೀವು ಹೇಳಿದ್ದು ಸರಿ, ಯಾರೂ ಯಾರಿಗೂ ಸಾಲಗಾರರಲ್ಲ. ಆದರೆ ಇಲ್ಲಿ ಪ್ರಶ್ನೆ ಇರುವುದು ಕಂಪನಿಯ ಸ್ವಂತ ಹಿತದ್ದು.

2014ರ ಏಪ್ರಿಲ್ ನೆನಪಿದೆಯೇ? ಅಂತರಜಾಲದ ಸಂವಹನವನ್ನು ಗುಟ್ಟಾಗಿಡುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದಲ್ಲಿ ಮಾಹಿತಿ ಸೋರಿಸುವ ಹಾರ್ಟ್‌ಬ್ಲೀಡ್ ದೋಷ ಬಯಲಾಯಿತು. ಬ್ಯಾಂಕು, ಇಮೇಲ್, ಸರ್ಕಾರಿ ಜಾಲತಾಣ ಎಲ್ಲವೂ ನಿಂತಿದ್ದದ್ದು ಅದರ ಮೇಲೆ. ಅದಕ್ಕೆ ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2,000 ಡಾಲರ್, ಪೂರ್ಣಾವಧಿ ಕೆಲಸ ಮಾಡುತ್ತಿದ್ದದ್ದು ಒಬ್ಬರೇ! ಬೆಂಕಿ ಹತ್ತಿದ ಮೇಲೆ ಎಲ್ಲರಿಗೂ ಜ್ಞಾನೋದಯ. ಲಿನಕ್ಸ್ ಫೌಂಡೇಶನ್ ಅದೇ ತಿಂಗಳು ಒಂದು ನಿಧಿ ತೆರೆಯಿತು. ಗೂಗಲ್, ಮೈಕ್ರೋಸಾಫ್ಟ್, ಫೇಸ್‌ಬುಕ್, ಅಮೆಜಾನ್ ಮುಂತಾದ ಹನ್ನೆರಡಕ್ಕೂ ಹೆಚ್ಚು ಕಂಪನಿಗಳು ತಲಾ ವರ್ಷಕ್ಕೆ 1 ಲಕ್ಷ ಡಾಲರ್‌ನಂತೆ ಮೂರು ವರ್ಷ ಕೊಡುವುದಾಗಿ ಹೇಳಿದವು. ಆ ಹಣದ ಒಂದು ಚೂರು ಎರಡು ವರ್ಷ ಮೊದಲೇ ಬಂದಿದ್ದರೆ ಕೋಡನ್ನು ಇನ್ನೊಬ್ಬರು ಕೂತು ಓದುತ್ತಿದ್ದರು.

ಹಾಗಾಗಿ ಇದನ್ನು ದಾನದ ಲೆಕ್ಕದಲ್ಲಿ ಇಡಬೇಡಿ. ಊರಿನ ಕೆರೆಯ ಹೂಳು ತೆಗೆಸಲು ಮನೆಗಿಷ್ಟು ಎಂದು ವಂತಿಗೆ ಎತ್ತುತ್ತಾರಲ್ಲ, ಅಂಥದ್ದು ಇದು.

ಸಂಶಯಾತ್ಮ
ಕೆರೆಯ ನೀರು ಬಳಸಿದರೆ ಕಡಿಮೆಯಾಗುತ್ತದೆ. ಕೋಡ್ ಬಳಸಿದರೆ ಏನು ಕಡಿಮೆಯಾಗುತ್ತದೆ?

ತುಂಗಾತೀರ
ಕೋಡನ್ನು ನೋಡಿಕೊಳ್ಳುವ ಮೇಂಟೇನರ್‌ನ ಆಯಸ್ಸು ಕಡಿಮೆಯಾಗುತ್ತದೆ ಸ್ವಾಮಿ.

ಬಾರ್‌ಕೋಡ್ ಮುದ್ರಕಗಳಿಗೆ ಸಂಬಂಧಿಸಿದ ಒಂದು ಪುಟ್ಟ ಲೈಬ್ರರಿ ನನ್ನದು. ಶಿವಮೊಗ್ಗದಲ್ಲಿ ಕೂತು ಸಂಜೆ ಹೊತ್ತು ನೋಡಿಕೊಳ್ಳುತ್ತೇನೆ. ಒಬ್ಬರು ಬಳಸಲಿ, ಒಂದು ಲಕ್ಷ ಜನ ಬಳಸಲಿ, ಕೋಡ್ ಅಷ್ಟೇ. ಬರುವ ಪತ್ರಗಳು ಅಷ್ಟೇ ಅಲ್ಲ. ಒಂದು ದೊಡ್ಡ ಕಂಪನಿಯವರು (ಹೆಸರು ಬೇಡ) ಶುಕ್ರವಾರದೊಳಗೆ ಈ ಬಗ್ ಸರಿಯಾಗದಿದ್ದರೆ ನಾವು ಬೇರೆ ಲೈಬ್ರರಿ ನೋಡಿಕೊಳ್ಳಬೇಕಾಗುತ್ತದೆ ಎಂದು ಬರೆದರು. ದಯವಿಟ್ಟು ನೋಡಿಕೊಳ್ಳಿ ಎಂದೆ. ಆಮೇಲೆ ಮೆತ್ತಗಾಗಿ, ಸರಿಪಡಿಸಿದ್ದಕ್ಕೆ ಕೃತಜ್ಞತೆ ಎಂದು ಟೀ ಶರ್ಟ್ ಕಳುಹಿಸಿದರು. ವಿದೇಶದಿಂದ ಬಂದ ಪೊಟ್ಟಣ. ಕೊರಿಯರ್‌ನವನು ನನ್ನಿಂದಲೇ ಸುಂಕ ವಸೂಲಿ ಮಾಡಿಕೊಂಡು ಹೋದ.

ಮೈಸೂರುಪಾಕ್42
ಕೊಟ್ಟವನು ಕೋಡಂಗಿ, ಇಸಿದುಕೊಂಡವನು ವೀರಭದ್ರ. ಟೀ ಶರ್ಟ್ ಅಳತೆಯಾದರೂ ಸರಿ ಇತ್ತೇ?

ತುಂಗಾತೀರ
ನನ್ನ ಅಣ್ಣನ ಮಗನಿಗೆ ಸರಿ ಹೋಯಿತು.

ಚಿಕ್ಕಪೇಟೆ_ಕೋಡರ್ ಅವರ ಪ್ರಶ್ನೆಗೆ ಬರುತ್ತೇನೆ. ನನಗೆ ನಿಜವಾಗಿ ನೆರವಾದದ್ದು ಹುಬ್ಬಳ್ಳಿಯ ಒಂದು ಸಣ್ಣ ಸಂಸ್ಥೆ. ತಿಂಗಳಿಗೆ ಐದು ಸಾವಿರ. ಏನೂ ಕೇಳುವುದಿಲ್ಲ, ತಪ್ಪಿಸುವುದೂ ಇಲ್ಲ. ಆ ಹಣದಿಂದ ಪರೀಕ್ಷೆಗೆಂದು ಹಳೆಯ ಮುದ್ರಕಗಳನ್ನು ಕೊಂಡೆ, ಸರ್ವರ್ ಬಾಡಿಗೆ ಕಟ್ಟುತ್ತೇನೆ. ಒಮ್ಮೆಲೇ ಐವತ್ತು ಸಾವಿರ ಬಂದರೆ ಖುಷಿ ನಿಜ, ಆದರೆ ಅದನ್ನು ನಂಬಿ ಏನನ್ನೂ ಯೋಜಿಸಲಾಗದು. ನೀವು ಯಾರಿಗೇ ಕೊಡಿ, ಎರಡು ವರ್ಷ ಕೊಡುತ್ತೇವೆ ಎಂದು ಮೊದಲೇ ಹೇಳಿ. ಆ ಒಂದು ಸಾಲಿಗೆ ಹಣದಷ್ಟೇ ಬೆಲೆ ಇದೆ.

ಚಿಕ್ಕಪೇಟೆ_ಕೋಡರ್
ಇದು ಒಳ್ಳೆಯ ಅಂಶ. ಬರೆದಿಟ್ಟುಕೊಂಡೆ. ಹಣದ ಬದಲು ಸಮಯ ಕೊಡುವ ಬಗ್ಗೆ ಯಾರಾದರೂ?

ಹಳೆಯ_ಮಾಡೆಮ್
ಸಮಯ ಕೊಡುವುದೇ ದೊಡ್ಡ ಪ್ರಾಯೋಜಕತ್ವ, ಸರಿಯಾಗಿ ಕೊಟ್ಟರೆ. ಲಿನಕ್ಸ್‌ನ ತಿರುಳಾದ ಕರ್ನೆಲ್ ಹವ್ಯಾಸಿಗಳ ಕೆಲಸ ಎಂದು ಇನ್ನೂ ನಂಬಿಕೊಂಡವರಿದ್ದಾರೆ. ಅದರ ಬಹುಪಾಲು ಕೋಡ್ ಬರೆಯುವವರು ಇಂಟೆಲ್, ರೆಡ್ ಹ್ಯಾಟ್, ಗೂಗಲ್, ಹುವಾವೇಯಂಥ ಕಡೆ ಇದಕ್ಕೇ ಸಂಬಳ ಪಡೆಯುವವರು. ಪೋಸ್ಟ್‌ಗ್ರೆಸ್ ಕೂಡ ಹಾಗೆಯೇ: ಯಾವ ಒಂದು ಕಂಪನಿಯ ಸ್ವತ್ತೂ ಅಲ್ಲ, ಆದರೆ ಮುಖ್ಯ ಕೆಲಸಗಾರರಿಗೆ ಹಲವು ಕಂಪನಿಗಳು ಸಂಬಳ ಕೊಡುತ್ತವೆ. ಅದರ ಕೇಂದ್ರ ತಂಡದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಂದೇ ಕಂಪನಿಯವರಾಗಿರಬಾರದು ಎಂಬ ಕಟ್ಟಳೆ ಇದೆ. 2020ರಲ್ಲಿ ಒಂದು ಕಂಪನಿ ಇನ್ನೊಂದನ್ನು ಕೊಂಡಾಗ ಲೆಕ್ಕ ತಪ್ಪಿ, ಹೊರಗಿನವರನ್ನು ಸೇರಿಸಿ ತಕ್ಕಡಿ ಸರಿ ಮಾಡಿದರು. ಇಷ್ಟು ಹುಷಾರಾದ ಯೋಜನೆಗಳು ಕಡಿಮೆ.

ಸರಿಯಾಗಿ ಕೊಡದಿದ್ದರೆ ಏನಾಗುತ್ತದೆ ಎಂಬುದನ್ನು ಓಪನ್ ಸೋರ್ಸ್‌ಗೆ ತಿದ್ದುಪಡಿ ಕಳುಹಿಸಿದವರಿಗೆ ಟೀ ಶರ್ಟ್ ಕೊಡುತ್ತಿದ್ದ ಹ್ಯಾಕ್ಟೋಬರ್‌ಫೆಸ್ಟ್ ಕಾರ್ಯಕ್ರಮದಲ್ಲಿ 2020ರಲ್ಲಿ ನೋಡಿದೆವು. ಟೀ ಶರ್ಟ್ ಆಸೆಗೆ ಕಂಡಕಂಡ ಯೋಜನೆಗಳಲ್ಲಿ ಒಂದೊಂದು ಪದ ತಿದ್ದಿ ಕಳುಹಿಸಿದರು. ಅದರಲ್ಲಿ ನಮ್ಮ ದೇಶದ ಹುಡುಗರ ಪಾಲು ದೊಡ್ಡದಿತ್ತು, ನಾಚಿಕೆಯಾಯಿತು. ಕೊನೆಗೆ ಯೋಜನೆಯವರೇ ಒಪ್ಪಿ ಸೇರಿದರೆ ಮಾತ್ರ ಎಂದು ನಿಯಮ ಬದಲಾಯಿತು. ಆದ್ದರಿಂದ ಅರವತ್ತು ಜನರಿಗೂ ಶುಕ್ರವಾರ ಓಪನ್ ಸೋರ್ಸ್ ಮಾಡಿ ಎನ್ನಬೇಡಿ. ಒಬ್ಬರನ್ನು ಆರಿಸಿ, ಒಂದೇ ಯೋಜನೆಗೆ ವಾರಕ್ಕೆ ಒಂದು ದಿನ ಬಿಟ್ಟುಕೊಡಿ, ಒಂದು ವರ್ಷ. ಮೊದಲ ಮೂರು ತಿಂಗಳು ಅವರು ಏನೂ ತೋರಿಸಲಾರರು. ತಡೆದುಕೊಳ್ಳಿ.

ಮ್ಯೂನಿಕ್_ಮಂಡ್ಯ
ಇಲ್ಲಿ ಜರ್ಮನಿಯಲ್ಲಿ ಸರ್ಕಾರವೇ ಕೈ ಹಾಕಿದೆ. 2022ರಲ್ಲಿ ಸಾವರಿನ್ ಟೆಕ್ ಫಂಡ್ ಆರಂಭವಾಯಿತು. ಹೊಸ ಸೌಲಭ್ಯ ಸೇರಿಸಿ ಎಂದು ಹಣ ಕೊಡುವುದಿಲ್ಲ, ಇರುವುದನ್ನು ಗಟ್ಟಿ ಮಾಡಿ ಎಂದು ಕೊಡುತ್ತಾರೆ. 2023ರಲ್ಲಿ ಲಿನಕ್ಸ್‌ನ ಡೆಸ್ಕ್‌ಟಾಪ್ ಪರದೆಯಾದ ಗ್ನೋಮ್‌ಗೆ 10 ಲಕ್ಷ ಯೂರೊ ಕೊಟ್ಟರು. ಜಾಲದಲ್ಲಿ ದತ್ತಾಂಶ ಸಾಗಿಸುವ ಕರ್ಲ್ ತಂತ್ರಾಂಶಕ್ಕೂ ಇವರಿಂದ ಹಣ ಹೋಗಿದೆ. ರಸ್ತೆ, ಸೇತುವೆಗಳ ಸಾಲಿನಲ್ಲಿ ಇದನ್ನೂ ಸೇರಿಸಿದ್ದಾರೆ, ನನಗಂತೂ ಹಿಡಿಸಿತು.

ಸಂಶಯಾತ್ಮ
ನಮ್ಮ ಸರ್ಕಾರಕ್ಕೆ ಹೇಳಿ ನೋಡಿ. ಟೆಂಡರ್ ಕರೆದು ಕಡಿಮೆ ಬೆಲೆ ಕೂಗಿದವರಿಗೆ ಕರ್ಲ್ ನಿರ್ವಹಣೆ ವಹಿಸುತ್ತಾರೆ.

ಮ್ಯೂನಿಕ್_ಮಂಡ್ಯ
ನಗು ಬಂತು, ಆದರೆ ಪೂರ್ತಿ ನ್ಯಾಯವಲ್ಲ. ಕೇರಳದ ಶಾಲೆಗಳು ಹದಿನೈದು ವರ್ಷಕ್ಕೂ ಹಿಂದಿನಿಂದ ಗ್ನು/ಲಿನಕ್ಸ್ ಮೇಲೆ ನಡೆಯುತ್ತಿವೆ. ಕೇಂದ್ರ ಸರ್ಕಾರ 2015ರಲ್ಲೇ ಓಪನ್ ಸೋರ್ಸ್ ಬಳಕೆಯ ನೀತಿ ತಂದಿತು. ಬಳಸುವ ನೀತಿ ಇದೆ, ಬಳಸಿದ್ದನ್ನು ಪೋಷಿಸುವ ನೀತಿ ಇಲ್ಲ, ತಕರಾರು ಅಲ್ಲಿ. ಬೆಂಗಳೂರಿನ ಐಐಐಟಿಯಲ್ಲಿ 2018ರಲ್ಲಿ ಶುರುವಾದ ಮೋಸಿಪ್ ನೋಡಿ: ಗುರುತಿನ ಚೀಟಿಯ ತಂತ್ರಾಂಶ, ಫಿಲಿಪ್ಪೀನ್ಸ್ ಬಳಸುತ್ತಿದೆ, ಮೊರಾಕ್ಕೊ ಬಳಸುತ್ತಿದೆ. ಹಣ ಕೊಟ್ಟವರಲ್ಲಿ ಗೇಟ್ಸ್ ಫೌಂಡೇಶನ್, ಟಾಟಾ ಟ್ರಸ್ಟ್ಸ್, ಒಮಿಡಿಯಾರ್ ಇದ್ದಾರೆ.

ಒತ್ತಕ್ಷರ
ಕನ್ನಡದವರು ಇಷ್ಟು ಜನ ಸೇರಿ ಮಾತಾಡುತ್ತಿದ್ದೀರಿ, ಕನ್ನಡಕ್ಕೆ ಏನಾದರೂ ಕೊಡಿ ಎಂದು ಒಬ್ಬರೂ ಹೇಳಲಿಲ್ಲವಲ್ಲ!

ನೀವು ಈ ಸಾಲನ್ನು ಓದುತ್ತಿರುವಾಗ ಒತ್ತಕ್ಷರ ಸರಿಯಾದ ಜಾಗದಲ್ಲಿ ಕೂರುತ್ತಿದ್ದರೆ, ಬಹುತೇಕ ಅದು ಹಾರ್ಫ್‌ಬಜ್ ಎಂಬ ಲೈಬ್ರರಿಯ ಕೆಲಸ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲದರಲ್ಲೂ ಅದಿದೆ. ಅದನ್ನು ಕಟ್ಟಿದವರು ಮೊದಲು ರೆಡ್ ಹ್ಯಾಟ್, ಆಮೇಲೆ ಗೂಗಲ್‌ನ ಸಂಬಳದಲ್ಲಿದ್ದರು. ಲೋಹಿತ್ ಕನ್ನಡ ಫಾಂಟ್‌ಗೆ ರೆಡ್ ಹ್ಯಾಟ್, ನೋಟೊ ಕನ್ನಡಕ್ಕೆ ಗೂಗಲ್. ಹಳೆಯ ಪುಸ್ತಕ ಸ್ಕ್ಯಾನ್ ಮಾಡಿ ಅಕ್ಷರ ತೆಗೆಯುವ ಟೆಸರಾಕ್ಟ್ ಹುಟ್ಟಿದ್ದು ಎಚ್‌ಪಿಯಲ್ಲಿ. 2005ರಲ್ಲಿ ಮುಕ್ತವಾಯಿತು, 2006ರಿಂದ ಗೂಗಲ್ ಸಾಕಿತು. ಕನ್ನಡವನ್ನೂ ಓದುತ್ತದೆ. ಇವರಾರೂ ಕನ್ನಡದ ಉದ್ಧಾರಕ್ಕೆ ಕಂಕಣ ಕಟ್ಟಿಕೊಂಡವರಲ್ಲ, ತಮ್ಮ ಕೆಲಸಕ್ಕೆ ಬೇಕಿತ್ತು, ಮಾಡಿದರು, ನಮಗೂ ಸಿಕ್ಕಿತು.

ಇಲ್ಲಿಯವರು ಮಾಡಿದ್ದಕ್ಕೆ ಉದಾಹರಣೆ ಅಲರ್. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು, ಒಂದೂವರೆ ಲಕ್ಷ ಪದಗಳು. ಷೇರು ವಹಿವಾಟಿನ ಕಂಪನಿ ಜೆರೋಧಾದ ಕೈಲಾಶ್ ನಾಧ್ ಅದನ್ನು 2019ರಲ್ಲಿ ಅಂತರಜಾಲಕ್ಕೆ ತಂದರು, ದತ್ತಾಂಶವನ್ನೂ ಮುಕ್ತ ಪರವಾನಗಿಯಲ್ಲಿ ಬಿಟ್ಟರು. ಇವತ್ತು ಕನ್ನಡದ ಕಾಗುಣಿತ ಪರೀಕ್ಷಕ ಮಾಡಹೊರಟವರಿಗೆ ಅದೇ ಆಸ್ತಿ. ಆರು ಲಕ್ಷದಲ್ಲಿ ಒಂದು ಲಕ್ಷ ಇಂಥ ಕೆಲಸಕ್ಕೆ ಇಟ್ಟರೆ ಕಣ್ಣಿಗೆ ಕಾಣುವಷ್ಟು ಆಗುತ್ತದೆ. ಲಿನಕ್ಸ್ ಫೌಂಡೇಶನ್ನಿಗೆ ಕೊಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ.

ಹಳೆಯ_ಮಾಡೆಮ್
ಒತ್ತಕ್ಷರ ಅವರ ಕಳಕಳಿಗೆ ನಮಸ್ಕಾರ. ಆದರೆ ಸರಕು ಸಾಗಣೆಯ ಕಂಪನಿ ತಾನು ಬಳಸದ ಫಾಂಟಿಗೆ ಹಣ ಕೊಟ್ಟರೆ ಅದು ದಾನವಾಯಿತು, ಮುಂದಿನ ವರ್ಷ ಮೊದಲು ಕತ್ತರಿ ಬೀಳುವುದು ದಾನಕ್ಕೆ.

ಒತ್ತಕ್ಷರ
ಅವರ ಲಾರಿ ಚಾಲಕರು ಮೊಬೈಲಿನಲ್ಲಿ ಏನು ಓದುತ್ತಾರೆ, ಲ್ಯಾಟಿನ್ನೇ?

ಚಿಕ್ಕಪೇಟೆ_ಕೋಡರ್
ಚಾಲಕರ ಆ್ಯಪ್ ಕನ್ನಡ, ತಮಿಳು, ತೆಲುಗು, ಹಿಂದಿಯಲ್ಲಿದೆ. ನೋಟೊ ಫಾಂಟುಗಳನ್ನೇ ಹಾಕಿದ್ದೇವೆ. ಒತ್ತಕ್ಷರ ಅವರು ಗೆದ್ದರು.

ಹಳೆಯ_ಮಾಡೆಮ್
ಹಾಗಾದರೆ ನನ್ನ ತಕರಾರಿಲ್ಲ. ಬಳಸುವುದಕ್ಕೆ ಕೊಡಿ, ಅಷ್ಟೇ ನನ್ನ ವಾದ.

ಲೆಕ್ಕಪತ್ರ
ನಾನು ಲೆಕ್ಕಪರಿಶೋಧಕಿ, ಕೋಡ್ ಬಾರದು. ಪತಿ ಈ ಕೊಂಡಿ ಕಳುಹಿಸಿದರು, ಲೆಕ್ಕ ವಿಭಾಗದ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಇದನ್ನು ಸಿಎಸ್‌ಆರ್‌ಗೆ (ಕಂಪನಿಯ ಸಾಮಾಜಿಕ ಹೊಣೆಗಾರಿಕೆಯ ಖರ್ಚಿಗೆ) ಸೇರಿಸೋಣ ಎಂದು ಯಾರಾದರೂ ಹೇಳಿದರೆ ಅಲ್ಲೇ ತಡೆಯಿರಿ. ನಿವ್ವಳ ಲಾಭ 5 ಕೋಟಿ ದಾಟಿದ ಕಂಪನಿಗೆ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2 ಕಡ್ಡಾಯ ನಿಜ. ಆದರೆ ಭಾರತದ ಹೊರಗೆ ಮಾಡಿದ ಖರ್ಚು ಸಿಎಸ್‌ಆರ್‌ಗೆ ಬರುವುದಿಲ್ಲ. ಕಂಪನಿಯ ದೈನಂದಿನ ವ್ಯವಹಾರಕ್ಕೆ ಸೇರಿದ್ದೂ ಬರುವುದಿಲ್ಲ. ಅಮೆರಿಕದ ಪ್ರತಿಷ್ಠಾನಕ್ಕೆ ಕಳುಹಿಸಿ ಸಿಎಸ್‌ಆರ್ ಎಂದರೆ ಆಡಿಟ್‌ನಲ್ಲಿ ಸಿಕ್ಕಿಬೀಳುತ್ತೀರಿ.

ಎರಡನೆಯದು, ವಿದೇಶಕ್ಕೆ ಹಣ ಕಳುಹಿಸುವಾಗ ಬ್ಯಾಂಕು ಆದಾಯ ತೆರಿಗೆಯ ಘೋಷಣೆ ನಮೂನೆ ಕೇಳುತ್ತದೆ, ಮೊತ್ತ ದೊಡ್ಡದಾದರೆ ನಮ್ಮಂಥವರ ಪ್ರಮಾಣಪತ್ರವನ್ನೂ ಕೇಳುತ್ತದೆ. ಹತ್ತು ದೇಶಗಳ ಹತ್ತು ಜನರಿಗೆ ಹತ್ತತ್ತು ಸಾವಿರ ಹಂಚಿದರೆ ನನ್ನ ಶುಲ್ಕವೇ ಅದಕ್ಕಿಂತ ಹೆಚ್ಚಾಗುತ್ತದೆ. (ನನಗೆ ಒಳ್ಳೆಯದೇ.)

ಇನ್ನು ದೇಣಿಗೆ ಎಂಬ ಶಬ್ದ ಕಂಡರೆ ಲೆಕ್ಕ ವಿಭಾಗದವರ ಮುಖ ಗಂಟಾಗುತ್ತದೆ. ಸಪೋರ್ಟ್ ಒಪ್ಪಂದ ಅಥವಾ ವಾರ್ಷಿಕ ಸದಸ್ಯತ್ವ ಎಂದು ಇನ್‌ವಾಯ್ಸ್ ತರಿಸಿ. ವಿದೇಶಿ ಸೇವೆಯಾದರೆ ರಿವರ್ಸ್ ಚಾರ್ಜ್‌ನಲ್ಲಿ ಶೇ. 18 ಜಿಎಸ್‌ಟಿಯನ್ನು ನೀವೇ ಕಟ್ಟಿ, ಆಮೇಲೆ ಅದನ್ನು ಇನ್‌ಪುಟ್ ಕ್ರೆಡಿಟ್ ಆಗಿ ನಿಮ್ಮ ಜಿಎಸ್‌ಟಿ ಬಾಕಿಗೆ ಹೊಂದಿಸಿಕೊಳ್ಳುತ್ತೀರಿ. ಆದರೆ ಕಾಗದದ ಮೇಲೆ ಸೇವೆ ಎಂದಿದ್ದರೆ ನಿಜವಾಗಿಯೂ ಸೇವೆ ಇರಬೇಕು, ಹೆಸರು ಮಾತ್ರ ಬದಲಾಯಿಸಿದರೆ ಸಾಲದು.

ಚಿಕ್ಕಪೇಟೆ_ಕೋಡರ್
ಮೇಡಂ, ಈ ಒಂದು ಉತ್ತರಕ್ಕಾಗಿಯೇ ನಾನು ಇಲ್ಲಿ ಕೇಳಿದ್ದು ಎಂದುಕೊಳ್ಳುತ್ತೇನೆ. ನಮ್ಮ ಲೆಕ್ಕ ವಿಭಾಗದವರು ವೆಂಡರ್ ನೋಂದಣಿ ನಮೂನೆ ತುಂಬಿ, ಜಿಎಸ್‌ಟಿ ಸಂಖ್ಯೆ ಕೊಡಿ ಎಂದು ಪೈಥಾನ್ ಫೌಂಡೇಶನ್ನಿಗೆ ಪತ್ರ ಬರೆಯಲು ಹೊರಟಿದ್ದರು. ತಡೆದಿದ್ದೇನೆ.

ತುಂಗಾತೀರ
ಸಪೋರ್ಟ್ ಒಪ್ಪಂದದ ಮಾತು ಸರಿ. ಲಾಗ್4ಜೆ ಎಂಬ ಜಾವಾ ಲೈಬ್ರರಿಯ ಭದ್ರತಾ ದೋಷದ ಗಲಾಟೆಯ ನಂತರ, 2022ರ ಆರಂಭದಲ್ಲಿ, ಕರ್ಲ್‌ನ ಡೇನಿಯಲ್ ಸ್ಟೆನ್‌ಬರ್ಗ್ ಅವರಿಗೆ ಒಂದು ಭಾರಿ ಕಂಪನಿಯಿಂದ ಪತ್ರ ಬಂತು: ನಿಮ್ಮ ಉತ್ಪನ್ನದಲ್ಲಿ ಲಾಗ್4ಜೆ ಇದೆಯೇ, 24 ಗಂಟೆಯೊಳಗೆ ಉತ್ತರಿಸಿ ಎಂದು. ಕರ್ಲ್ ಬರೆದದ್ದು ಸಿ ಭಾಷೆಯಲ್ಲಿ, ಜಾವಾದ ಸೋಂಕೇ ಇಲ್ಲ! ಸಪೋರ್ಟ್ ಒಪ್ಪಂದ ಮಾಡಿಕೊಂಡ ಕೂಡಲೇ ಎಲ್ಲಕ್ಕೂ ಸಂತೋಷದಿಂದ ಉತ್ತರಿಸುತ್ತೇನೆ ಎಂದು ಅವರು ಬರೆದರು. ಆ ಧೈರ್ಯ ನಮಗೆಲ್ಲ ಬರಬೇಕು.

ಸಂಶಯಾತ್ಮ
ಸರಿ, ಹಣ ಕೊಡಿ. ಆದರೆ ಹಣ ಬಂದರೆ ಎಲ್ಲ ಸರಿಯಾಗುತ್ತದೆಯೇ? ಕಡತ ಕುಗ್ಗಿಸುವ ಎಕ್ಸ್‌ಝಡ್ ತಂತ್ರಾಂಶದ ಪ್ರಕರಣ ನೋಡಿ. ಒಬ್ಬರೇ ನೋಡಿಕೊಳ್ಳುತ್ತಿದ್ದ ಹವ್ಯಾಸಿ ಯೋಜನೆ. ಆರೋಗ್ಯ ಕೈಕೊಟ್ಟಿತ್ತು, ದಣಿದಿದ್ದರು. ಜಿಯಾ ಟಾನ್ ಎಂಬ ಹೆಸರಿನಲ್ಲಿ ಯಾರೋ ಸಹಾಯ ಮಾಡುವ ಸೋಗಿನಲ್ಲಿ ಬಂದರು, ನಂಬಿಕೆ ಗಳಿಸಿ ಒಳಗೆ ಗುಟ್ಟಾಗಿ ನುಗ್ಗಲು ಹಿಂಬಾಗಿಲು ಇಟ್ಟರು. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಹುಡುಕಿದ್ದಕ್ಕೆ ಜಗತ್ತು ಬಚಾವಾಯಿತು. ಆ ಮೇಂಟೇನರ್‌ಗೆ ಬೇಕಿದ್ದದ್ದು ಹಣವೋ, ಜೊತೆಗಾರರೋ?

ಹಳೆಯ_ಮಾಡೆಮ್
ಎರಡೂ. ಇನ್ನೊಂದು ಗಮನಿಸಿ: ಆ ಫ್ರಾಯಿಂಡ್ ಪೋಸ್ಟ್‌ಗ್ರೆಸ್‌ನವರು, ಮೈಕ್ರೋಸಾಫ್ಟ್ ಸಂಬಳದಲ್ಲಿ ಅದರ ಕೆಲಸ ಮಾಡುವವರು. ಕಂಪನಿಯೊಂದು ಓಪನ್ ಸೋರ್ಸ್ ಕೆಲಸಕ್ಕೆಂದು ಸಂಬಳ ಕೊಟ್ಟ ಮನುಷ್ಯನಿಗೆ ಅರ್ಧ ಸೆಕೆಂಡಿನ ಹಿಂದೆ ಬೀಳುವ ಪುರುಸೊತ್ತು ಇತ್ತು. ನಿಮ್ಮ ಉದಾಹರಣೆ ನನ್ನ ಪಕ್ಷಕ್ಕೇ ಬಂತು.

ಸಂಶಯಾತ್ಮ
ಒಪ್ಪಿದೆ, ಅರ್ಧ. ಉಳಿದರ್ಧ: ಹಣ ಪಡೆದವರು ಮನಸ್ಸು ಬದಲಾಯಿಸಿದರೆ? ಹುಡುಕಾಟದ ತಂತ್ರಾಂಶ ಮಾಡುವ ಇಲಾಸ್ಟಿಕ್‌ನವರು 2021ರಲ್ಲಿ ಪರವಾನಗಿ ಬದಲಾಯಿಸಿದರು, ಅಮೆಜಾನ್ ಹಳೆಯ ಮುಕ್ತ ಕೋಡಿನಿಂದ ಪ್ರತ್ಯೇಕ ಕವಲು ತೆಗೆಯಿತು. 2024ರಲ್ಲಿ ರೆಡಿಸ್ ಎಂಬ ಡೇಟಾಬೇಸ್‌ನವರು ಅದನ್ನೇ ಮಾಡಿದರು, ಕೆಲವೇ ದಿನಗಳಲ್ಲಿ ಅದರ ಕವಲು ವಾಲ್ಕಿ ಹುಟ್ಟಿತು. ಒಂದೇ ಕಂಪನಿಯ ಹಿಡಿತದಲ್ಲಿರುವ ಯೋಜನೆಗೆ ಆರು ಲಕ್ಷ ಕೊಟ್ಟು ಮುಂದಿನ ವರ್ಷ ಅವರ ಲೈಸೆನ್ಸಿಗೂ ದುಡ್ಡು ಕೊಡಬೇಕಾದೀತು.

ಮ್ಯೂನಿಕ್_ಮಂಡ್ಯ
ಇದು ಮುಖ್ಯ. ಕೋಡಿನ ಒಡೆತನ ಯಾರದು, ಕೇಳಿ ಕೊಡಿ. ಪೋಸ್ಟ್‌ಗ್ರೆಸ್, ಪೈಥಾನ್, 3ಡಿ ಚಿತ್ರ ರಚಿಸುವ ಬ್ಲೆಂಡರ್ ಆ ಲೆಕ್ಕದಲ್ಲಿ ಕ್ಷೇಮ. ಬ್ಲೆಂಡರ್ ಕಥೆ ಗೊತ್ತಲ್ಲ? 2002ರಲ್ಲಿ ಅದರ ಕಂಪನಿ ಮುಳುಗಿತು, ಬಳಕೆದಾರರು ಏಳು ವಾರಗಳಲ್ಲಿ 1 ಲಕ್ಷ ಯೂರೊ ಕೂಡಿಸಿ ಕೋಡನ್ನು ಬಿಡಿಸಿಕೊಂಡರು. 2019ರಲ್ಲಿ ಎಪಿಕ್ ಗೇಮ್ಸ್ 12 ಲಕ್ಷ ಡಾಲರ್ ಅನುದಾನ ಕೊಟ್ಟಿತು.

ಮೈಸೂರುಪಾಕ್42
ಓಪನ್ ಸೋರ್ಸ್ ಪ್ಲೆಡ್ಜ್ ಎಂಬುದು 2024ರಲ್ಲಿ ಶುರುವಾಗಿದೆ. ತನ್ನಲ್ಲಿರುವ ಒಬ್ಬೊಬ್ಬ ಡೆವಲಪರ್‌ನ ಲೆಕ್ಕಕ್ಕೆ ವರ್ಷಕ್ಕೆ 2,000 ಡಾಲರ್‌ನಂತೆ ಕಂಪನಿ ಓಪನ್ ಸೋರ್ಸ್‌ಗೆ ಕೊಡಬೇಕು. ಚಿಕ್ಕಪೇಟೆಯವರಿಗೆ 60 ಜನ, ಅಂದರೆ ಒಂದು ಕೋಟಿ ರೂಪಾಯಿಯ ಹತ್ತಿರ.

ಚಿಕ್ಕಪೇಟೆ_ಕೋಡರ್
ಈ ಪುಟವನ್ನು ನಿರ್ದೇಶಕರಿಗೆ ತೋರಿಸುವ ಮೊದಲು ನಿಮ್ಮ ಉತ್ತರ ಅಳಿಸುತ್ತೇನೆ.

ಒತ್ತಕ್ಷರ
ನಮ್ಮೂರಿನ ಅಳತೆಗೆ ಬೇಕಾದರೆ ಓಪನ್ ಸೋರ್ಸ್‌ಗೆಂದೇ ಇರುವ ಜೆರೋಧಾದ ಫ್ಲಾಸ್ ಫಂಡ್ ಇದೆ. 2024ರ ಅಕ್ಟೋಬರ್‌ನಲ್ಲಿ ಘೋಷಿಸಿದರು, ವರ್ಷಕ್ಕೆ 10 ಲಕ್ಷ ಡಾಲರ್, ಜಗತ್ತಿನ ಯಾವ ಯೋಜನೆಗಾದರೂ. ಹಣ ಬೇಕಾದ ಯೋಜನೆಯವರು ಎಷ್ಟು, ಯಾತಕ್ಕೆ ಎಂದು ತಮ್ಮ ಜಾಲತಾಣದಲ್ಲಿ ಒಂದು ಕಡತ ಇಡಬೇಕು. ತುಂಗಾತೀರ ಅವರೇ, ನೀವೂ ಒಂದು ಇಡಿ. ಕೊಡುವವರಿಗೆ ಹುಡುಕಲು ಸುಲಭ.

ತುಂಗಾತೀರ
ಕೇಳುವುದಕ್ಕೆ ನಾಚಿಕೆ.

ಲೆಕ್ಕಪತ್ರ
ನಾಚಿಕೆ ಬಿಟ್ಟು ಇನ್‌ವಾಯ್ಸ್ ಮಾಡಿ ಸರ್. ನೀವು ಭಾರತದಲ್ಲೇ ಇರುವುದರಿಂದ ವಿದೇಶಿ ಪಾವತಿಯ ನಮೂನೆಗಳ ತಲೆನೋವೂ ಇಲ್ಲ.

ಚಿಕ್ಕಪೇಟೆ_ಕೋಡರ್
ಒಂದು ಕರಡು ಮಾಡಿದ್ದೇನೆ. ನಮ್ಮ ಲೈಬ್ರರಿಗಳ ಪಟ್ಟಿ ತೆಗೆಸಿದರೆ ಸಾವಿರ ದಾಟಿತು. ಅದರಲ್ಲಿ ಒಂದು ದಿನ ಕೈಕೊಟ್ಟರೆ ನಮ್ಮ ವ್ಯವಹಾರ ನಿಲ್ಲುವಂಥವು ಯಾವುವು, ಒಬ್ಬಿಬ್ಬರೇ ನೋಡಿಕೊಳ್ಳುತ್ತಿರುವುದು ಯಾವುವು ಎಂದು ಜರಡಿ ಹಿಡಿದಾಗ ಒಂಬತ್ತು ಉಳಿದವು. ಎರಡು ಲಕ್ಷ ಪೈಥಾನ್ ಫೌಂಡೇಶನ್ನಿಗೆ. ಅವರು 2021ರಿಂದ ಸಂಬಳ ಕೊಟ್ಟು ಡೆವಲಪರ್ ಇಟ್ಟುಕೊಂಡಿದ್ದಾರೆ, ಮೊದಲ ವರ್ಷ ಗೂಗಲ್ ಹಣದಲ್ಲಿ. ಅಲ್ಲಿ ಪ್ರಾಯೋಜಕರ ಪುಟವಿದೆ, ನಿರ್ದೇಶಕರ ಹೆಸರಿನ ಆಸೆಯೂ ತೀರುತ್ತದೆ. ಮೂರು ಲಕ್ಷ ಆ ಒಂಬತ್ತರಲ್ಲಿ ಮೂರಕ್ಕೆ ಮಾತ್ರ, ತಿಂಗಳ ಕಂತಿನಲ್ಲಿ, ಎರಡು ವರ್ಷಕ್ಕೆ. ಒಂದು ಲಕ್ಷ ಕನ್ನಡದ ಕೆಲಸಕ್ಕೆ, ಎಲ್ಲಿ ಎಂದು ಒತ್ತಕ್ಷರ ಅವರನ್ನೇ ಕೇಳುತ್ತೇನೆ. ಪೋಸ್ಟ್‌ಗ್ರೆಸ್‌ಗೆ ಹಣವಿಲ್ಲ, ಒಬ್ಬ ಹುಡುಗಿಯ ವಾರದ ಒಂದು ದಿನ. ಆಕೆ ಈಗಾಗಲೇ ಅದರ ದಸ್ತಾವೇಜಿನಲ್ಲಿ ತಪ್ಪು ಹುಡುಕುತ್ತಿದ್ದಾಳೆ.

ಸಂಶಯಾತ್ಮ
ಮುಂದಿನ ವರ್ಷ ಏನು ಆಯಿತು ಎಂದು ನಿರ್ದೇಶಕರು ಕೇಳಿದರೆ ಏನು ತೋರಿಸುತ್ತೀರಿ? ಏನೂ ಆಗಲಿಲ್ಲ ಎಂಬುದೇ ಇಲ್ಲಿ ಒಳ್ಳೆಯ ಫಲಿತಾಂಶ, ಅದನ್ನು ಸ್ಲೈಡಿನಲ್ಲಿ ಹಾಕಲಾಗದು.

ತುಂಗಾತೀರ
ಬಿಡುಗಡೆಗಳ ಪಟ್ಟಿ ಕೇಳಿ, ಮುಚ್ಚಿದ ಬಗ್‌ಗಳ ಪಟ್ಟಿ ಕೇಳಿ, ಅದು ಹೇಗೂ ಬಹಿರಂಗವಾಗಿಯೇ ಇರುತ್ತದೆ. ತಿಂಗಳ ವರದಿ ಮಾತ್ರ ಬರೆಸಬೇಡಿ. ವರದಿ ಬರೆಯುವ ಸಂಜೆ ಕೋಡ್ ಬರೆಯಲಾಗುವುದಿಲ್ಲ.

ಮೈಸೂರುಪಾಕ್42
ಆ ಮೂರರಲ್ಲಿ ಬಾರ್‌ಕೋಡ್ ಲೈಬ್ರರಿ ಇದೆಯೇ? ಸರಕು ಸಾಗಣೆ ಎಂದಿರಿ...

ಚಿಕ್ಕಪೇಟೆ_ಕೋಡರ್
ನಾನೂ ಈಗ ಅದನ್ನೇ ನೋಡುತ್ತಿದ್ದೆ. ಪಟ್ಟಿಯಲ್ಲಿ ಬಾರ್‌ಕೋಡ್ ಮುದ್ರಕದ್ದು ಒಂದಿದೆ, ನಾಲ್ಕನೆಯ ಸ್ಥಾನ. ತುಂಗಾತೀರ ಅವರೇ, ನಿಮಗೆ ಖಾಸಗಿ ಸಂದೇಶ ಕಳುಹಿಸಿದ್ದೇನೆ, ನೋಡಿ.

ಲೆಕ್ಕಪತ್ರ
ಈ ವರ್ಷದ ಲೆಕ್ಕಕ್ಕೆ ಸೇರಬೇಕಾದರೆ ಇನ್‌ವಾಯ್ಸ್ ಮಾರ್ಚ್ 31ರೊಳಗಿನದಾಗಿರಲಿ. ಪ್ಯಾನ್ ಸಂಖ್ಯೆ ಮರೆಯಬೇಡಿ.